ಟವಲ್ಲಿನಡಿಯ ನಾನ್‌ಖಟಾಯಿ

ಬೆಲೆ ಕಟ್ಟುವ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮದು ಜಂಗಮಕೋಟೆಯ ರೇಷ್ಮೆಗೂಡಿನ ಮನೆತನ. ಗೂಡು ಮಾರುವಾಗ ನಮ್ಮ ತಾತ ಬಾಯಿ ತೆರೆದು ಬೆಲೆ ಹೇಳಿದವರೇ ಅಲ್ಲ. ಕೈ ಮೇಲೆ ಟವಲ್ ಹೊದಿಸಿ, ಅದರಡಿಯಲ್ಲಿ ಕೊಳ್ಳುವವನ ಬೆರಳು ಹಿಡಿದು ಒತ್ತಿದರೆ ಮುಗಿಯಿತು. ಒಂದು ಬೆರಳಾದರೆ ಒಂದು, ಎರಡಾದರೆ ಎರಡು. ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯದು. ನಾನು ಶಿಡ್ಲಘಟ್ಟದಲ್ಲಿ ಗುಮಾಸ್ತನಾಗಿ ಫೈಲುಗಳ ನಡುವೆ ಸವೆಯುತ್ತಿದ್ದರೂ ಆ ವಿದ್ಯೆ ನನ್ನ ಬೆರಳುಗಳಲ್ಲಿ ಭದ್ರವಾಗಿದೆ ಎಂದೇ ನಂಬಿದ್ದೆ.

ಅದನ್ನು ಲೋಕಕ್ಕೆ ತೋರಿಸುವ ಅವಕಾಶ ನಾನ್‌ಖಟಾಯಿ ಬಿಸ್ಕತ್ತಿನಿಂದ ಬಂತು. ಪಕ್ಕದ ಮನೆಯ ಜುಲೇಖಾಬಿ ಅದನ್ನು ಮಾಡುವುದನ್ನು ನನ್ನ ಹೆಂಡತಿ ಸರೋಜಳಿಗೆ ಕಲಿಸಿದ್ದರು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಮಾಡಿಸಿದ ಒಂದು ಒಲೆಯೂ ನಮ್ಮ ಹಿತ್ತಿಲಿಗೆ ಬಂತು. ಕೆಳಗೂ ಕೆಂಡ, ಮೇಲೂ ಕೆಂಡ, ನಡುವೆ ಬಿಸ್ಕತ್ತು. ಆ ಡಬ್ಬವನ್ನು ಸರೋಜ ನೋಡುತ್ತಿದ್ದ ಪ್ರೀತಿಯಲ್ಲಿ ಕಾಲು ಭಾಗವೂ ನನ್ನ ಪಾಲಿಗೆ ಬಂದಿರಲಿಲ್ಲ! ಆದರೆ ನಮ್ಮಮ್ಮನಿಗೆ ಅದರ ಹೊಗೆ ಕಂಡರಾಗದು. ಒಂದು ದಿನ ತೀರ್ಪು ಕೊಟ್ಟೇಬಿಟ್ಟರು. ಈ ಸಂತೆಯಲ್ಲಿ ತಟ್ಟೆ ಪೂರ್ತಿ ಖಾಲಿಯಾಗಿ ಬಂದರೆ ಡಬ್ಬ ಇರಬಹುದು. ಒಂದು ಬಿಸ್ಕತ್ತು ಉಳಿದರೂ ಅದು ಗುಜರಿಯವನ ಪಾಲು.

ಸರೋಜಳ ಕಣ್ಣು ತುಂಬಿತು. ನಾನೇ ಹೋಗಿ ಮಾರುತ್ತೇನೆ ಎಂದಳು. ಮನೆಯ ಸೊಸೆ ಸಂತೆಯಲ್ಲಿ ಕೂರುವುದೇ ಎಂದು ಅಮ್ಮ ಬಿಡಲಿಲ್ಲ. ಆಗ ನಾನು ಹೆಗಲಿಗೆ ಟವಲ್ ಹಾಕಿಕೊಂಡು ಎದ್ದು ನಿಂತೆ.

"ನಾಲ್ಕಾಣೆಗೆ ಎಂಟು ಅಂತ ಹೇಳಿ ಮಾರ್‍ಕೊಂಡು ಬನ್ನಿ, ಸಾಕು," ಎಂದಳು ಸರೋಜ.

"ಬೆಲೆ ಬಾಯಲ್ಲಿ ಹೇಳಿದ್ರೆ ಸರಕಿನ ಮರ್ಯಾದೆ ಹೋಗುತ್ತೆ ಕಣೇ. ನೀನು ಸುಮ್ನಿರು," ಎಂದೆ.

ಸಂತೆಯಲ್ಲಿ ಹುಣಸೆಮರದ ನೆರಳು ಹಿಡಿದೆ. ಒಳ್ಳೆಯ ಜಾಗ. ಪಕ್ಕದಲ್ಲಿ ಬೇರು, ನಾರು, ಚೂರ್ಣ ಹರಡಿಕೊಂಡಿದ್ದ ನಾಟಿ ಔಷಧಿಯವನು, ತನ್ನ ಸಾಮಾನು ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಕಾಫಿಗೆ ಹೋದ. ನಾನು ಬಿಳಿ ಜುಬ್ಬ, ಕನ್ನಡಕ ಸರಿಪಡಿಸಿಕೊಂಡು, ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗೈ ಮೇಲೆ ಟವಲ್ ಹೊದಿಸಿಕೊಂಡೆ.

ಮೊದಲು ಒಬ್ಬ ಹೆಣ್ಣುಮಗಳು ಬಂದು ಬಿಸ್ಕತ್ತು ಹೇಗೆ ಎಂದು ಕೇಳಿದಳು. ಪರಂಪರಾಗತ ಗಾಂಭೀರ್ಯದಿಂದ, ಟವಲ್ಲಿನೊಳಗೆ ಕೈ ಹಾಕಮ್ಮ ಎಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗು ಬಿಗಿದುಕೊಂಡು ಸರಸರನೆ ಹೋದಳು. ಎರಡನೆಯವಳು ಹೋಗುವ ಮುಂಚೆ ಎರಡು ಮಾತೂ ಆಡಿದಳು. ಮೂರನೆಯವಳು ಗಂಡನನ್ನು ಕೂಗಿದಳು! ಅವನ ಭುಜಗಳ ಅಗಲ ನೋಡಿದಾಗ ನನಗೆ ಜ್ಞಾನೋದಯವಾಯಿತು. ಗೂಡಿನ ವ್ಯಾಪಾರ ಗಂಡಸರದು, ಬಿಸ್ಕತ್ತು ಕೊಳ್ಳುವವರು ಹೆಂಗಸರು. ಈ ಚಿಕ್ಕ ವಿಷಯ ನಮ್ಮ ತಾತ ನನಗೆ ಹೇಳಿರಲಿಲ್ಲ. ಅವನ ಮುಂದೆ ಕೈ ಮುಗಿದು, ಹೇಗೋ ಸಮಾಧಾನ ಮಾಡಿ ಕಳಿಸಿದೆ.

ಹೊತ್ತು ನೆತ್ತಿಗೆ ಬಂದರೂ ಒಂದು ಬಿಸ್ಕತ್ತೂ ಕದಲಲಿಲ್ಲ. ನನ್ನ ಕಣ್ಣ ಮುಂದೆ ಡಬ್ಬ ಗುಜರಿಯವನ ಗಾಡಿ ಹತ್ತುತ್ತಿತ್ತು, ಹಿಂದೆಯೇ ಸರೋಜಳ ಮುಖ. ಹಾಳಾಗಲಿ ಮರ್ಯಾದೆ, ನಾಲ್ಕಾಣೆಗೆ ಎಂಟು ಎಂದು ಕೂಗಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಚಿಂತಾಮಣಿ ಕಡೆಯ ಮುದುಕಿಯೊಬ್ಬಳು ಬಂದು ಕುಕ್ಕರಿಸಿದಳು. ನಾನೇನೂ ಹೇಳುವ ಮೊದಲೇ ಟವಲ್ಲಿನೊಳಗೆ ಕೈ ತೂರಿಸಿದಳು.

"ನಾಡಿ ಚೂಡು ನಾಯನಾ, ನಾಡಿ ನೋಡು. ಬಾಯಿಗೆ ರುಚೀನೇ ಇಲ್ಲ ಕಣಪ್ಪ."

ನಾನು ಪಂಡಿತನಲ್ಲ ಎಂದೆ. ಒಳ್ಳೆಯ ಪಂಡಿತರೆಲ್ಲ ಹಾಗೇ ಹೇಳುತ್ತಾರೆ ಎಂದಳು. ಇದು ಔಷಧಿಯಲ್ಲ, ಬಿಸ್ಕತ್ತು ಎಂದೆ. ಬೇರುಗಳ ರಾಶಿಯನ್ನೂ ನನ್ನ ಕನ್ನಡಕವನ್ನೂ ನೋಡಿ ನಕ್ಕಳು. ಕೈಯನ್ನಂತೂ ಹಿಂದಕ್ಕೆ ತೆಗೆಯಲಿಲ್ಲ. ಅಭ್ಯಾಸಬಲದಿಂದ ನನ್ನ ಬೆರಳುಗಳು ಅವಳ ನಾಲ್ಕು ಬೆರಳು ಹಿಡಿದು ಒತ್ತಿದವು. ಅವಳು ಭಕ್ತಿಯಿಂದ ಕಣ್ಣು ಮುಚ್ಚಿದಳು! ದಾರಿ ಕಾಣದೆ ಒಂದು ನಾನ್‌ಖಟಾಯಿ ಕೊಟ್ಟೆ. ಬೊಚ್ಚುಬಾಯಲ್ಲಿ ಅದು ಬೆಣ್ಣೆಯಂತೆ ಕರಗಿತು. ಏಲಕ್ಕಿಯ ಘಮಕ್ಕೆ ಮುದುಕಿಯ ಮುಖ ಅರಳಿತು.

"ಅಯ್ಯೋ, ಬಾಯಿ ರುಚಿ ಬಂತು ಕಣ್ರೇ," ಎಂದು ಜೊತೆಯವರನ್ನು ಕರೆದಳು.

ಆಮೇಲೆ ಸಾಲು ನಿಂತಿತು. ಮಂಡಿನೋವು, ಅಜೀರ್ಣ, ನಿದ್ದೆ ಬರದವರು, ನಿದ್ದೆ ಬಿಡದವರು! ಒಬ್ಬೊಬ್ಬರಿಗೂ, ಇದು ಬಿಸ್ಕತ್ತು, ಬರೀ ಬಿಸ್ಕತ್ತು ಎಂದು ಪ್ರಾಮಾಣಿಕವಾಗಿ ಬಿನ್ನವಿಸಿದೆ. ಪಂಡಿತರ ಕೈಗುಣ ದೊಡ್ಡದು ಎಂದರು. ಬೆಲೆ ಯಾರೂ ಕೇಳಲಿಲ್ಲ. ವೈದ್ಯನಿಗೆ ದಕ್ಷಿಣೆ ಕೊಡುವಂತೆ ಟವಲ್ಲಿನಡಿಯಲ್ಲೇ ಕಾಸು ಒತ್ತಿ ಹೋದರು. ಬಾಯಿಂದ ಬೆಲೆ ಹೇಳದೆ, ಟವಲ್ಲಿನ ಕೆಳಗೇ ವ್ಯಾಪಾರ ಮುಗಿದಿತ್ತು. ತಾತ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ತಟ್ಟೆಯಲ್ಲಿ ಪುಡಿ ಕೂಡ ಉಳಿಯಲಿಲ್ಲ. ಕಾಫಿ, ಹರಟೆ ಎಲ್ಲ ಮುಗಿಸಿ ಕೊನೆಗೂ ಬಂದ ಔಷಧಿಯವನು ಮಾತ್ರ ನನ್ನನ್ನು ಕೆಟ್ಟದಾಗಿ ನೋಡಿದ.

ಖಾಲಿ ತಟ್ಟೆಯನ್ನು ತಲೆಯ ಮೇಲೆತ್ತಿಕೊಂಡು ಮನೆಗೆ ಬಂದೆ. ಸರೋಜ ನೇರವಾಗಿ ಹಿತ್ತಿಲಿಗೆ ಓಡಿ ಡಬ್ಬವನ್ನು ಸವರಿದಳು. ಅಮ್ಮ ಮಾತು ತಪ್ಪುವವರಲ್ಲ, ಡಬ್ಬ ಉಳಿಯಿತು. ಆದರೆ ಹೇಗೆ ಮಾರಿದೆ ಎಂದು ನಾನು ವಿವರಿಸಿದ ಮೇಲೆ ಮುಂದಿನ ಸಂತೆಗೆ ಸೊಸೆಯೇ ಹೋಗಲಿ ಎಂದು ಅವರೇ ಅಪ್ಪಣೆ ಕೊಟ್ಟರು. ಆ ಸಂತೆಯಲ್ಲಿ ಅದೇ ಹುಣಸೆಮರದಡಿ ಕೂತು ಸರೋಜ ಗಟ್ಟಿಯಾಗಿ, "ನಾಲ್ಕಾಣೆಗೆ ಎಂಟು" ಎಂದು ಕೂಗಿದಳು. ನಾನು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ತಟ್ಟೆ ಖರ್ಚಾಯಿತು. ನನ್ನ ಟವಲನ್ನು ಉಳಿದ ಬಿಸ್ಕತ್ತಿಗೆ ಮುಚ್ಚಿದ್ದಳು. ನೊಣ ಓಡಿಸುವ ಹುದ್ದೆ ನನ್ನದು.

ಅಷ್ಟರಲ್ಲಿ ಅದೇ ಮುದುಕಿ ಬಂದಳು. ಕನ್ನಡಕ ತೆಗೆದಿಟ್ಟು ನೊಣ ಹೊಡೆಯುತ್ತಿದ್ದ ನನ್ನ ಗುರುತು ಅವಳಿಗೆ ಸಿಗಲಿಲ್ಲ. ಎಂಟು ಬಿಸ್ಕತ್ತು ಕಟ್ಟಿಸಿಕೊಂಡು, ಹೋದ ಸಂತೆಯಲ್ಲಿ ಇಲ್ಲೊಬ್ಬ ಪಂಡಿತ ಕೂತಿದ್ದನಲ್ಲ ಎಂದು ಸರೋಜಳ ಕಿವಿಯ ಹತ್ತಿರ ಬಗ್ಗಿದಳು.

"ಔಷಧಿ ಬಂಗಾರ ಕಣಮ್ಮ. ಆದ್ರೆ ಪಾಪ, ಅವನಿಗೆ ನಾಡಿ ನೋಡೋಕೆ ಬರಲ್ಲ. ಮಣಿಕಟ್ಟು ಬಿಟ್ಟು ಬೆರಳು ಹಿಡ್ಕೊಂಡು ಕೂತಿದ್ದ!"