ಉಗಿಯೂರಿನ ಕಳ್ಳ ಯಾರ ಕೈಗೆ?

ಈ ಸಂಗತಿಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಕೋಲ್ಕತ್ತದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ್ಯಾರೂ ಹೇಳಲಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೊಂದರೆಗೆಲ್ಲ ಕಾರಣ, ಹಯವದನರು ಮಕ್ಕಳಿಗೆ ಕತೆ ಹೇಳಲು ಒಪ್ಪಿಕೊಂಡದ್ದು. ಅವರು ಅಲಿಪುರದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದವರು. ಯಾರಿಗೂ ಆಗುವುದಿಲ್ಲ ಎನ್ನಲು ಬಾರದ ಮನುಷ್ಯ. ಸಾಲ್ಟ್ ಲೇಕಿನ ಕಂಪ್ಯೂಟರ್ ಕಂಪನಿಗಳಿಗೆ ಕನ್ನಡದ ಕುಟುಂಬಗಳು ಬಂದಿಳಿಯುತ್ತಿದ್ದ ಕಾಲ ಅದು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಹಿಂದಿ, ಇಂಗ್ಲಿಷ್. ಕನ್ನಡ ಸಂಘದ ಅಧ್ಯಕ್ಷ ರಾಮಕೃಷ್ಣರು ಭಾನುವಾರದ ತರಗತಿ ಶುರುಮಾಡಿ ಹಯವದನರನ್ನು ಮೇಷ್ಟ್ರು ಮಾಡಿದರು. ಅಕ್ಷರ ತಿದ್ದಿಸಿದರೆ ಮಕ್ಕಳು ಬರಲಿಲ್ಲ. ಕತೆ ಹೇಳಿದರೆ ಬಂದರು.

ಎಂಥ ಕತೆ ಅಂತೀರಿ! ಕರೆಂಟೇ ಹುಟ್ಟದ ಕೋಲ್ಕತ್ತ. ಟ್ರಾಮು, ಫ್ಯಾನು, ಲಿಫ್ಟು ಎಲ್ಲ ಉಗಿಯಿಂದಲೇ ಓಡುವುದು. ಕಲ್ಲಿದ್ದಲು ತಿಂದು ಲೆಕ್ಕ ಮಾಡುವ, ತಪ್ಪಾದರೆ ಮುಖಕ್ಕೆ ಮಸಿ ಊದುವ ಕಂಪ್ಯೂಟರುಗಳು. ಅಂಚೆ ಹಂಚಲು ಹಿತ್ತಾಳೆಯ ಕಾಗೆಗಳು. ಆ ಊರಿಗೆ ಪತ್ತೇದಾರರು ಇಬ್ಬರು ಹುಡುಗಿಯರು. ಧಾರವಾಡದ ನೀಲವ್ವ ಬಾಯ್ಲರಿಗೆ ಸ್ಪ್ಯಾನರಿನಿಂದ ಬಾರಿಸಿ ನಿಜ ಹೊರಡಿಸುವವಳು. ಮೈಸೂರಿನ ಚಿನ್ಮಯಿ ಕನ್ನಡಕ ಒರೆಸಿ ಒರೆಸಿ ಯೋಚಿಸುವವಳು. ಒಬ್ಬಳು ಎಡಕ್ಕೆ ಎಂದರೆ ಇನ್ನೊಬ್ಬಳು ಬಲಕ್ಕೆ. ಇಬ್ಬರ ಮಾತನ್ನೂ ಹಯವದನರು ಅವರವರ ಊರಿನ ಕನ್ನಡದಲ್ಲೇ ಆಡಿ ತೋರಿಸುತ್ತಿದ್ದರು. ಊರಿಗೆ ಹೊತ್ತು ತಿಳಿಸುವ ದೊಡ್ಡ ಸೀಟಿಯನ್ನೇ ಯಾರೋ ಕದ್ದಿದ್ದರು. ಊಟದ ಹೊತ್ತು ತಿಳಿಯದೆ ಜನ ಮತ್ತೆ ಮತ್ತೆ ಉಣ್ಣುತ್ತಿದ್ದರು. ಆ ಭಾನುವಾರ ಕಳ್ಳ ಸಿಗಬೇಕಿತ್ತು.

ಬೆಳಿಗ್ಗೆಯೇ ಬಾಗಿಲು ಬಡಿದವರು ಮೇಲಿನ ಮನೆಯ ಗೌರಿ. ಗಂಡ ರೈಲ್ವೆಯಲ್ಲಿ, ತವರು ಹುಬ್ಬಳ್ಳಿ. ಕೈಯಲ್ಲಿ ರೊಟ್ಟಿ, ಎಣ್ಣೆಗಾಯಿ.

“ಮಾಸ್ತರ, ಕಳ್ಳ ನಮ್ಮ ನೀಲವ್ವನ ಕೈಯಾಗ ಸಿಗಬೇಕ್ರಿ. ನಮ್ಮಾಕಿ ದುಡೀತಾಳ, ಆ ಮೈಸೂರಿನಾಕಿ ಕನ್ನಡಕ ಒರಸ್ಕೋತ ಕುಂತಿರ್ತಾಳ. ಇದ್ಯಾವ ನ್ಯಾಯ?”

“ಅಲ್ಲಮ್ಮ, ಅದು ಕತೆ…”

“ಕತಿಗೆ ಮರ್ಯಾದಿ ಇರೂದಿಲ್ಲೇನು? ಆ ಮೈಸೂರಿನಾಕಿ ಹಿಡದ್ರ ಮುಂದಿನ ವಾರದಿಂದ ನಮ್ಮ ನಿಹಾರಿಕಾ ಬರೂದಿಲ್ಲ. ರೈಲ್ವೆದವರ ಮಕ್ಕಳು ಯಾರೂ ಬರೂದಿಲ್ಲ. ರೊಟ್ಟಿ ಬಿಸಿ ಅದಾವ, ತಿನ್ರಿ.”

ರೊಟ್ಟಿ ಗಂಟಲಿಂದ ಇಳಿಯುವ ಮೊದಲೇ ಕೆಳಗಿನ ಮನೆಯ ಮಹಾಲಕ್ಷ್ಮಿ ಬಂದರು. ಮೈಸೂರಿನವರು, ಗಂಡ ಕಂಪ್ಯೂಟರ್ ಕಂಪನಿಯಲ್ಲಿ. ಡಬ್ಬಿ ತುಂಬ ಬಿಸಿಬೇಳೆಬಾತು.

“ಎಣ್ಣೆಗಾಯಿ ವಾಸನೆ ಬರ್ತಿದೆಯಲ್ಲ ಸಾರ್! ಲಂಚ ಆಗ್ಲೇ ಬಂತಾ? ನಾನು ಬಲವಂತ ಮಾಡಲ್ಲಪ್ಪ. ಬುದ್ಧಿ ಇರೋರು ಕಳ್ಳನ್ನ ಹಿಡೀತಾರೆ, ಸ್ಪ್ಯಾನರ್ ಹಿಡ್ಕೊಂಡೋರು ನಲ್ಲಿ ರಿಪೇರಿ ಮಾಡ್ತಾರೆ. ಚಿನ್ಮಯಿ ಹಿಡೀಲಿಲ್ಲ ಅಂದ್ರೆ ಶ್ರಾವ್ಯಾನ ಡ್ರಾಯಿಂಗ್ ಕ್ಲಾಸಿಗೆ ಹಾಕ್ತೀನಿ. ಕಂಪನಿಯೋರೆಲ್ಲ ಹಾಗೇ ಅಂತಿದಾರೆ. ತುಪ್ಪ ಹಾಕ್ಕೊಳ್ಳಿ.”

ಯಾರು ಹಿಡಿದರೂ ಅರ್ಧ ತರಗತಿ ಖಾಲಿ. ಹಯವದನರು ರಾಮಕೃಷ್ಣರಿಗೆ ಫೋನ್ ಮಾಡಿದರು.

“ಎಂತ ಮಾರಾಯ್ರೆ, ಕಳ್ಳನೇ ಬಂದು ಶರಣಾಗ್ಲಿ,” ಎಂದರು ಉಡುಪಿ ಕಡೆಯವರಾದ ಅಧ್ಯಕ್ಷರು.

“ಹಾಗಾದ್ರೆ ಪತ್ತೇದಾರರು ಯಾಕೆ ಸಾರ್?”

“ಅದೂ ಹೌದು. ಆದ್ರೆ ಮಕ್ಕಳು ಅರ್ಧ ಆದ್ರೆ ತರಗತಿ ಮುಚ್ಚಬೇಕಾಗ್ತದೆ. ನೀವೇ ಏನಾದ್ರೂ ಮಾಡಿ.”

ಮನೆಯಲ್ಲಿ ಕೂತು ಬರೆಯುವ ಹಾಗಿಲ್ಲ. ಹಯವದನರು ಹಾಳೆ ಮಡಚಿಕೊಂಡು ಅಲಿಪುರದ ಝೂಗೆ ಹೋದರು. ಅಲ್ಲಿ ಯಾವ ಪ್ರಾಣಿಗೂ ಕತೆಯ ಬಗ್ಗೆ ಅಭಿಪ್ರಾಯವಿರಲಿಲ್ಲ. ನೀರಾನೆಯ ಕೊಳದ ಬಳಿ ಕೂತು ಬರೆದರು, ಹೊಡೆದರು, ಮತ್ತೆ ಬರೆದರು. ಕಡೆಗೂ ಒಂದು ಮುಕ್ತಾಯ ಸಿಕ್ಕಿತು. ನಿಟ್ಟುಸಿರು ಬಿಟ್ಟು ತಲೆ ಎತ್ತಿದರೆ ಮರದ ಹಿಂದೆ ಒಂದು ಕೊಡೆ. ಕೊಡೆಯ ಕೆಳಗೆ ಗೌರಿ. ಗೌರಿಯ ಹಿಂದೆ, ಝಾಲ್‌ಮುರಿ ಎಂಬ ಖಾರದ ಮಂಡಕ್ಕಿ ಮಾರುವವನ ಮರೆಯಲ್ಲಿ ಮಹಾಲಕ್ಷ್ಮಿ. ಮೇಷ್ಟ್ರನ್ನು ಗೌರಿ, ಗೌರಿಯನ್ನು ಮಹಾಲಕ್ಷ್ಮಿ, ಇಬ್ಬರೂ ಮನೆಯಿಂದಲೇ ಹಿಂಬಾಲಿಸಿ ಬಂದಿದ್ದರು.

“ತೋರಸ್ರಿ!” ಗೌರಿ ಹಾಳೆಗೆ ಕೈಹಾಕಿದರು.

“ಮೊದಲು ನನಗೆ!” ಮಹಾಲಕ್ಷ್ಮಿ ಇನ್ನೊಂದು ತುದಿ ಹಿಡಿದರು.

ಹಾಳೆ ಪರ್ ಎಂದಿತು. ತುಂಡುಗಳು ಗಾಳಿಯಲ್ಲಿ ಹಾರಿ ಕೊಳಕ್ಕೆ ಬಿದ್ದವು. ನೀರಾನೆ ಹಳೆಯ ಪೆಟ್ಟಿಗೆಯಂತೆ ಬಾಯಿ ತೆರೆದು, ಎಲ್ಲವನ್ನೂ ನುಂಗಿ ಮುಳುಗಿತು.

“ಅಯ್ಯೋ, ಯಾರು ಹಿಡೀತಿದ್ರು ಸಾರ್?”

“ಅದನ್ನೇ ಕೇಳಿ ಈಗ,” ಎಂದು ಹಯವದನರು ನೀರಿನತ್ತ ಕೈ ತೋರಿಸಿ ಬಸ್ಸಿಗೆ ಓಡಿದರು. ಹೊತ್ತಾಗಿತ್ತು.

ತರಗತಿ ನಡೆಯುವ ಕಾಳಿಘಾಟಿನ ಸಭಾಂಗಣದಲ್ಲಿ ಮಕ್ಕಳು ಚಾಪೆಯ ಮೇಲೆ ಕಾದಿದ್ದರು. ಒಂದು ಗೋಡೆಗೆ ರೈಲ್ವೆಯ ಅಮ್ಮಂದಿರು, ಎದುರು ಗೋಡೆಗೆ ಕಂಪನಿಯ ಅಮ್ಮಂದಿರು, ಬೀಗರ ಕಡೆಯವರ ಹಾಗೆ. ಹಯವದನರು ನೆನಪಿದ್ದಷ್ಟು ಹೇಳಿದರು. ದಕ್ಷಿಣೇಶ್ವರದ ಕಲ್ಲಿದ್ದಲು ಗೋದಾಮಿನೊಳಗೆ ಕಳ್ಳ. ಮುಂದಿನ ಬಾಗಿಲಲ್ಲಿ ನೀಲವ್ವ, ಹಿಂದಿನ ಬಾಗಿಲಲ್ಲಿ ಚಿನ್ಮಯಿ. ಒಳಗೆಲ್ಲ ಉಗಿ. ಅಲ್ಲಿಂದ ಮುಂದೆ, ನೀರಾನೆ ನುಂಗಿದ ಸಾಲುಗಳು ಎಷ್ಟು ತಡಕಿದರೂ ನೆನಪಾಗಲಿಲ್ಲ. ಹೊಸದಾಗಿ ಏನು ಹೇಳಿದರೂ ಒಂದು ಗೋಡೆ ಎದ್ದು ಹೋಗುತ್ತದೆ.

“ಮಕ್ಕಳೇ, ನೀವೇ ಹೇಳಿ. ಯಾರು ಹಿಡಿಯಬೇಕು?” ಎಂದುಬಿಟ್ಟರು.

ಅಮ್ಮಂದಿರು ಕಣ್ಣಲ್ಲೇ ಮಕ್ಕಳನ್ನು ತಿವಿದರು. ಮಹಾಲಕ್ಷ್ಮಿಯ ಮಗಳು ಶ್ರಾವ್ಯಾ ಎದ್ದು ನಿಂತಳು, ಸೊಂಟದ ಮೇಲೆ ಕೈ.

“ನೀಲವ್ವನೇ ಹಿಡೀಬೇಕ್ರಿ ಸರ! ಅಂವಾ ಎಲ್ಲಿ ಓಡ್ತಾನ ಓಡ್ಲಿ, ಕಾಲು ಮುರದು ಕೈಯಾಗ ಕೊಡ್ತಾಳ!”

ಮಹಾಲಕ್ಷ್ಮಿ ಗೋಡೆಗೊರಗಿದರು. ಗೌರಿ ನಕ್ಕರು. ಆ ನಗು ಮುಗಿದಿರಲಿಲ್ಲ, ಅವರ ಮಗಳು ನಿಹಾರಿಕಾ ಇಲ್ಲದ ಕನ್ನಡಕವನ್ನು ತೆಗೆದು ಒರೆಸುತ್ತ ಎದ್ದಳು.

“ಸ್ವಲ್ಪ ಇರೇ. ಆತುರ ಪಟ್ರೆ ಹಿಂದಿನ ಬಾಗಿಲಿಂದ ಹೋಗ್ಬಿಡ್ತಾನೆ ಕಣೇ. ಚಿನ್ಮಯಿ ಅದನ್ನೆಲ್ಲ ಆಗ್ಲೇ ಯೋಚ್ನೆ ಮಾಡಿರ್ತಾಳೆ.”

“ಯೋಚನಿ ಮಾಡ್ಕೋತ ಕುಂದ್ರಲಿ, ಹೊತ್ತು ಮುಣಗತೈತಿ!”

“ನಿಮ್ಮ ನೀಲವ್ವಂಗೆ ತಾಳ್ಮೇನೇ ಇಲ್ಲ!”

ಮಿಕ್ಕ ಮಕ್ಕಳೂ ಎದ್ದರು. ಸಭಾಂಗಣದ ತುಂಬ ಜಗಳ. ಒಂದು ಹಿಂದಿ ಇಲ್ಲ, ಒಂದು ಇಂಗ್ಲಿಷ್ ಇಲ್ಲ.

“ಕನ್ನಡದಲ್ಲೇ ಬೈದಾಡ್ತಿದ್ದಾವೆ ಮಾರಾಯ್ರೆ!” ರಾಮಕೃಷ್ಣರು ಹಯವದನರ ಬೆನ್ನು ತಟ್ಟಿದರು. ತರಗತಿ ಉಳಿಯಿತೆಂದು ಹಯವದನರ ಕಣ್ಣು ತುಂಬಿತು.

ಒರೆಸಿಕೊಂಡು ನೋಡಿದರೆ ಗೌರಿ, ಮಹಾಲಕ್ಷ್ಮಿ ಜೊತೆಯಾಗಿ ಬರುತ್ತಿದ್ದಾರೆ.

“ನನ್ನ ಮಗಳ ಬಾಯಾಗ ಮೈಸೂರು ತುಂಬೀರಲ್ರೀ ಮಾಸ್ತರ!”

“ನನ್ನ ಮಗಳು ಹುಬ್ಬಳ್ಳಿಯೋಳೇ ಆಗೋದ್ಲು ಸಾರ್!”

“ತರಗತಿ ಬಿಡಿಸ್ತೀರಾ?” ಹಯವದನರು ಕೇಳಿದರು.

“ಬಿಡಿಸೋದಾ? ಇಷ್ಟು ಕನ್ನಡ ಮಾತಾಡಿದ್ದೇ ಇಲ್ಲ ಅವಳು. ಸರಿಹೋಗೋವರೆಗೂ ಕಳಿಸ್ತೀನಿ. ಹೊಸ ಕತೆ ಶುರುಮಾಡಿ. ಅದ್ರಲ್ಲಿ ಚಿನ್ಮಯೀನೇ ಜಾಸ್ತಿ ಮಾತಾಡ್ಬೇಕು.”

“ಹ್ಯಾಂಗಾಗತೈತ್ರಿ? ನೀಲವ್ವ ಮಾತಾಡಬೇಕು!”

“ನಾಳೆ ಬೆಳಿಗ್ಗೆ ಬಂದು ಹೇಳ್ತೀನಿ ಸಾರ್.”

“ಆಕಿಗಿಂತ ಮೊದಲ ನಾ ಬರ್ತೀನ್ರಿ.”

ಹಯವದನರು, ಆಗುವುದಿಲ್ಲ ಎನ್ನಲು ಬಾರದೆ, ಇಬ್ಬರಿಗೂ ತಲೆಯಾಡಿಸಿದರು.

ಆ ಗದ್ದಲದಲ್ಲಿ ಗೋದಾಮಿನೊಳಗಿದ್ದವನನ್ನು ಯಾರೂ ವಿಚಾರಿಸಲಿಲ್ಲ. ಅವನು ಸಿಕ್ಕನೋ, ತಪ್ಪಿಸಿಕೊಂಡನೋ, ನಿಜವಾಗಿ ನನಗೆ ಗೊತ್ತಿಲ್ಲ.