ಟಾಲಿವರ್ ಜಯಂತಿಯ ಕುಡಿಯುವ ನೀರಿನ ವ್ಯವಸ್ಥೆ

ಜಯಂತಿ ಮತ್ತು ಪುಣ್ಯಸ್ಮರಣೆ ಇಲಾಖೆಯ ಬ್ಯಾಡಗಿ ಶಾಖೆಯಲ್ಲಿ ಸಾವಿರದ ಒಂಬೈನೂರ ಎಂಬತ್ತೊಂಬತ್ತನೆಯ ಇಸವಿಯವರೆಗೆ ಅಸಮಾನತೆ ಎಂಬುದು ಇರಲಿಲ್ಲ. ಈ ಸಂಗತಿಯನ್ನು ಮೂರು ತಿಂಗಳಿಗೊಮ್ಮೆ ನಮೂನೆ ಒಂಬತ್ತರಲ್ಲಿ ಬರೆದು ಹಾವೇರಿಯ ಮೇಲಿನ ಕಚೇರಿಗೆ ಕಳಿಸಲಾಗುತ್ತಿತ್ತು. ಕಚೇರಿಯ ಮೂಲೆಯಲ್ಲಿ ಒಂದು ನೀರಿನ ಹರವಿ, ಅದರ ಮುಚ್ಚಳದ ಮೇಲೆ ಒಂದು ಸ್ಟೀಲಿನ ಲೋಟ. ಕಿಟಕಿಯ ಹೊರಗಿನ ಮೊಳೆಗೆ ಒಂದು ಅಲ್ಯುಮಿನಿಯಂ ಲೋಟ. ಸ್ಟೀಲಿನದು ಕಚೇರಿಯದು, ಅಲ್ಯುಮಿನಿಯಮ್ಮಿನದು ಡಾಕಪ್ಪನದು. ಎರಡಕ್ಕೂ ಹಿಡಿಯುವ ನೀರು ಅಷ್ಟೇ ಆದ್ದರಿಂದ ಅಸಮಾನತೆಯ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ.

ಡಾಕಪ್ಪ ಅಲ್ಲಿ ಹದಿನಾಲ್ಕು ವರ್ಷಗಳಿಂದ ದಿನಗೂಲಿಯ ಮೇಲೆ ಕಸ ಗುಡಿಸುವವ. ಜಯಂತಿ ಬಂದರೆ ಜಮಖಾನೆ ಹಾಸುವವ, ತೋರಣ ಕಟ್ಟುವವ. ಮುಗಿದರೆ ಎರಡನ್ನೂ ಬಿಚ್ಚುವವ. ನೀರಡಿಕೆಯಾದರೆ ಅವನು ಕಿಟಕಿಯ ಹೊರಗೆ ನಿಂತು, ಲೋಟ ಚಾಚಿ, "ಯಾರರ ನೀರ ಹಾಕ್ರಿ" ಅನ್ನಬೇಕು; ಒಳಗಿನವರು ಯಾರಾದರೂ ಎದ್ದು ಮೇಲಿನಿಂದ ಸುರಿಯಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಎಂದರೆ ಊರಿಗೆ ಊರೇ ಸೀನುವ ಕಾಲ, ಗಂಟಲು ಉರಿದು ಹೋಗುತ್ತದೆ. ಅಂಥ ದಿನವೂ ಹೆಡ್ ಕ್ಲಾರ್ಕ್ ಮಾಲತೇಶಪ್ಪನವರು ಕಡತದಿಂದ ತಲೆ ಎತ್ತುವ ಹೊತ್ತಿಗೆ ಅರ್ಧ ತಾಸು ಕಳೆದಿರುತ್ತಿತ್ತು. ಡಾಕಪ್ಪನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ನೀರಡಿಕೆಯಾದಾಗ ತಾನೇ ಹೋಗಿ, ಆ ಸ್ಟೀಲಿನ ಲೋಟ ಎತ್ತಿ, ಯಾರನ್ನೂ ಕೇಳದೆ ಕುಡಿಯಬೇಕು ಎಂಬುದೊಂದಿತ್ತು. ಅದನ್ನು ಹೆಂಡತಿ ಹೊಳಿಯವ್ವನ ಮುಂದೆ ಬಿಟ್ಟರೆ ಯಾರ ಮುಂದೆಯೂ ಆಡಿರಲಿಲ್ಲ.

ಆ ವರ್ಷದ ಫೆಬ್ರುವರಿಯಲ್ಲಿ ಹಾವೇರಿಯಿಂದ ಒಂದು ಸುತ್ತೋಲೆ ಬಂತು. "ಅಮೆರಿಕ ದೇಶದ ಕರಿಯ ಜನರ ಹಕ್ಕುಗಳಿಗಾಗಿ ಹೋರಾಡಿದ ಶ್ರೀ ಎಬೆನ್ ಟಾಲಿವರ್ ಇವರ ಜಯಂತಿಯನ್ನು ಮಾರ್ಚ್ ಒಂಬತ್ತರಂದು ಅರ್ಥಪೂರ್ಣವಾಗಿ, ಸಂಭ್ರಮದಿಂದ ಹಾಗೂ ಗಲಾಟೆಯಿಲ್ಲದೆ ಆಚರಿಸತಕ್ಕದ್ದು" ಎಂದು ಅದರಲ್ಲಿತ್ತು. ಶಾಖಾಧಿಕಾರಿ ಕೊಟ್ರಪ್ಪನವರು ಅದನ್ನು ಎರಡು ಸಲ ಓದಿ, ಮೂರನೆಯ ಸಲ ಕನ್ನಡಕ ಒರೆಸಿ ಓದಿದರು.

"ಮಾಲತೇಶಪ್ಪ, ಟಾಲಿವರ್ ಸಮಾಜದವರು ನಮ್ಮ ತಾಲೂಕಿನಾಗ ಎಷ್ಟ ಮನಿ ಅದಾರ?"

ಇದು ತಪ್ಪು ಪ್ರಶ್ನೆಯಲ್ಲ. ಹಿಂದಿನ ವರ್ಷ ಒಬ್ಬ ಮಹಾಪುರುಷರ ಪಟಕ್ಕೆ ಮೊದಲ ಹಾರ ಯಾರು ಹಾಕಬೇಕೆಂದು ಎರಡು ಸಮಾಜಗಳು ಬಡಿದಾಡಿ, ಹಾರ ಒಂದು ಕಡೆ, ಪಟ ಒಂದು ಕಡೆ ಆಗಿತ್ತು. ಅಂದಿನಿಂದ ಇಲಾಖೆ ನಿಯಮ ಹನ್ನೆರಡನ್ನು ಜಾರಿಗೆ ತಂದಿತ್ತು: "ಯಾವ ಮಹಾಪುರುಷರ ಜಯಂತಿಯೋ ಅವರ ಸಮಾಜದ ಅಧ್ಯಕ್ಷರೇ ಮೊದಲ ಹಾರ ಹಾಕತಕ್ಕದ್ದು. ಸದರಿಯವರ ಸ್ಮರಣವಸ್ತುಗಳನ್ನು ಆ ಸಮಾಜದವರ ಹೊರತು ಅನ್ಯರು ಮುಟ್ಟತಕ್ಕದ್ದಲ್ಲ." ಸಮಾಜವಿಲ್ಲದ ಮಹಾಪುರುಷರು ಹುಟ್ಟಬಹುದೆಂದು ಇಲಾಖೆಗೆ ಹೊಳೆದಿರಲಿಲ್ಲ.

ಡಂಗುರ ಸಾರಿಸಲಾಯಿತು. ಟಾಲಿವರ್ ಸಮಾಜದ ಬಂಧುಗಳು ಮೂರು ದಿನದೊಳಗೆ ಕಚೇರಿಗೆ ಬಂದು ಹೆಸರು ಬರೆಸಬೇಕು ಎಂದು ಹಲಗೆಯವನು ಪೇಟೆಯ ತುಂಬ ಸೀನುತ್ತ ಸಾರಿದ. ಯಾರೂ ಬರಲಿಲ್ಲ. ಒಬ್ಬ ಮೆಣಸಿನಕಾಯಿ ದಲಾಲ ಮಾತ್ರ ಬಂದು, ಆ ಸಮಾಜಕ್ಕೆ ನಿವೇಶನ ಏನಾದರೂ ಕೊಡುತ್ತಾರೇನು ಎಂದು ವಿಚಾರಿಸಿದ. ಸದ್ಯಕ್ಕೆ ಇಲ್ಲ ಎಂದಾಗ, ತಾನು ಆ ಪೈಕಿ ಅಲ್ಲ ಎಂದು ಹೇಳಿ ಹೋದ.

ಸುತ್ತೋಲೆಯ ಜೊತೆಗೆ ಟಾಲಿವರ್ ಅವರ ಜೀವನ ಚರಿತ್ರೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಇಳಿಸುವ ಕೆಲಸ ಟೈಪಿಸ್ಟ್ ಜುಬೇದಾಳ ಪಾಲಿಗೆ ಬಂತು. ಕಚೇರಿಯ ಲೋಟ ಮುಟ್ಟಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಟ್ಟು ಎಂದೂ ಹೇಳಿರಲಿಲ್ಲ. ಆರು ವರ್ಷದಿಂದ ಅವಳು ಮನೆಯಿಂದಲೇ ಬಾಟ್ಲಿಯಲ್ಲಿ ನೀರು ತರುತ್ತಿದ್ದಳು. ಅವಳು ಗಟ್ಟಿಯಾಗಿ ಓದುತ್ತ ಹೋದಳು, ಡಾಕಪ್ಪ ಕಿಟಕಿಯ ಹೊರಗೆ ಕಸಬರಿಗೆ ಹಿಡಿದು ಕೇಳುತ್ತ ನಿಂತ.

ಟಾಲಿವರ್ ಅವರ ಊರಿನ ಕೋರ್ಟಿನ ಅಂಗಳದಲ್ಲಿ ಎರಡು ನಳ ಇದ್ದವಂತೆ. ಒಂದು ಬಿಳಿಯರಿಗೆ, ಒಂದು ಕರಿಯರಿಗೆ. ಟಾಲಿವರ್ ಒಂದು ದಿನ ಬಿಳಿಯರ ನಳದಲ್ಲಿ ಕುಡಿದರು. ಯಾಕೆ ಕುಡಿದೆ ಎಂದು ನ್ಯಾಯಾಧೀಶ ಕೇಳಿದ್ದಕ್ಕೆ, ನೀರಡಿಕೆ ಆಗಿತ್ತು ಎಂದರು. ಜೈಲಿಗೆ ಹಾಕಿದರು. ಬಿಟ್ಟ ದಿನ ಬಂದು ಮತ್ತೆ ಅಲ್ಲೇ ಕುಡಿದರು.

ಡಾಕಪ್ಪನ ಎದೆ ತುಂಬಿ ಬಂತು. ಏಳು ಸಮುದ್ರದ ಆಚೆಗೂ ಒಂದು ಕಿಟಕಿ, ಒಂದು ಮೊಳೆ ಇದೆಯೆಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

"ಅಕ್ಕಾರ, ಆ ಮನಷ್ಯಾಗ ಕಡೀಕ ನೀರ ಸಿಕ್ತೇನ್ರಿ?" ಎಂದು ಕೇಳಿದ.

"ಹನ್ನೊಂದ ಸಲ ಕುಡದಾರ, ಹನ್ನೊಂದ ಸಲ ಜೇಲಿಗೆ ಹೋಗ್ಯಾರ," ಎಂದಳು ಜುಬೇದಾ. "ಆಮ್ಯಾಲ ಸರಕಾರಕ್ಕ ಬ್ಯಾಸರಾಗಿ ಆ ಎರಡನೇ ನಳಾನ ಕಿತ್ತ ಒಗದ್ರಂತ."

ಕೊಟ್ರಪ್ಪನವರು ಅಷ್ಟರಲ್ಲಿ ಡಾಕಪ್ಪನನ್ನೇ ನೋಡುತ್ತಿದ್ದರು, ದಲಾಲರು ಮೆಣಸಿನಕಾಯಿ ಅಂಗೈಯಲ್ಲಿಟ್ಟು ಬಣ್ಣ ನೋಡುವ ಹಾಗೆ. ನೋಡಿ ಮಾಲತೇಶಪ್ಪನವರ ಕಡೆ ತಿರುಗಿದರು. ಮಾಲತೇಶಪ್ಪನವರು ತಲೆ ಆಡಿಸಿದರು. ಬಣ್ಣ ಕಚೇರಿಯ ದಾಖಲೆಗೆ ಸಾಕಾಗುವಷ್ಟಿತ್ತು.

"ಡಾಕಪ್ಪ, ನಿನ್ನ ಟಾಲಿವರ್ ಸಮಾಜದ ಅಧ್ಯಕ್ಷ ಮಾಡೇವಿ."

"ಸಮಾಜದಾಗ ಮತ್ತ ಯಾರ ಯಾರದಾರ್ರಿ ಸಾಹೇಬ್ರ?"

"ಸದ್ಯಕ್ಕ ನೀ ಒಬ್ಬಾಂವ. ಸರ್ವಾನುಮತದಿಂದ ಆರಿಸಿ ಬಂದೀದಿ."

ಜುಬೇದಾ ಪ್ರಮಾಣಪತ್ರ ಟೈಪು ಮಾಡಿದಳು. ಅಧ್ಯಕ್ಷರನ್ನು ತೆಗೆದುಹಾಕಲು ಸಮಾಜದ ಮೂರನೇ ಎರಡರಷ್ಟು ಸದಸ್ಯರ ಸಹಿ ಬೇಕೆಂಬ ಎಂದಿನ ಸಾಲನ್ನೂ ಸೇರಿಸಿದಳು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಡಾಕಪ್ಪ ಸಂಜೆ ಮೆಣಸಿನಕಾಯಿ ಪೇಟೆಗೆ ಹೋದ. ಅಲ್ಲಿ ಹೊಳಿಯವ್ವ ಹತ್ತಾರು ಹೆಂಗಸರ ನಡುವೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಧ್ಯಕ್ಷ ಆದಿ, ಖರೇ. ಲೋಟಾ ಕೊಟ್ರೇನು?"

"ಲೋಟಾದ ಮಾತ ಇನ್ನಾ ಬಂದಿಲ್ಲ."

"ಹಂಗಾರ ಅಧ್ಯಕ್ಷಗಿರೀನೂ ಇನ್ನಾ ಬಂದಿಲ್ಲ ತಗೋ," ಎಂದು ಮತ್ತೊಂದು ಹಿಡಿ ಕಾಯಿ ಎಳೆದುಕೊಂಡಳು.

ಪಟದ ಕೆಲಸವನ್ನು ರಾಣೇಬೆನ್ನೂರಿನ ಬೋರ್ಡು ಬರೆಯುವ ಕಲಾವಿದರೊಬ್ಬರಿಗೆ ಒಪ್ಪಿಸಲಾಯಿತು. ಟಾಲಿವರ್ ಅವರನ್ನು ಆತ ನೋಡಿರಲಿಲ್ಲ, ಕೊಟ್ರಪ್ಪನವರೂ ನೋಡಿರಲಿಲ್ಲ. "ಭಾಳ ಕರಿ ಬ್ಯಾಡ್ರಿ, ಗಣ್ಯರು ಬರ್ತಾರ, ಸ್ವಲ್ಪ ತಿಳಿ ಮಾಡ್ರಿ" ಎಂದಷ್ಟೇ ಹೇಳಿ ಬಂದಿದ್ದರು. ಪಟ ಬಂದಾಗ ಟಾಲಿವರ್ ಅವರು ಗುಲಾಬಿ ಕೆನ್ನೆಯವರಾಗಿದ್ದರು, ಹಣೆಗೆ ಕುಂಕುಮವೂ ಇತ್ತು. ಇಂಥವರಿಗೆ ಬಿಳಿಯರ ನಳದಲ್ಲಿ ನೀರು ಯಾಕೆ ಕೊಡಲಿಲ್ಲವೋ ಎಂದು ಮಾಲತೇಶಪ್ಪನವರು ಮನಸಾರೆ ಮರುಗಿದರು.

ಮಾರ್ಚ್ ಒಂಬತ್ತರಂದು ಜಯಂತಿ ಅರ್ಥಪೂರ್ಣವಾಗಿಯೇ ನಡೆಯಿತು. ಒಂದು ನಿಮಿಷದ ಮೌನಾಚರಣೆ ಹನ್ನೆರಡು ನಿಮಿಷ ಹಿಡಿಯಿತು. ಯಾರಾದರೂ ಸೀನಿದ ಕೂಡಲೇ ಕೊಟ್ರಪ್ಪನವರು ಗಡಿಯಾರ ನೋಡಿ ಮೊದಲಿನಿಂದ ಶುರು ಮಾಡಿಸುತ್ತಿದ್ದರು, ಕೊನೆಗೆ ಅವರೇ ಸೀನಿದಾಗ ಮೌನ ಯಶಸ್ವಿಯಾಯಿತೆಂದು ಘೋಷಿಸಲಾಯಿತು. ಡಾಕಪ್ಪ ತಾನೇ ಹಾಸಿದ ಜಮಖಾನೆಯ ಮೇಲೆ ನಡೆದು ಹೋಗಿ ಮೊದಲ ಹಾರ ಹಾಕಿದ. ಆಗ ಕಾರ್ಯಕ್ರಮದ ಏಳನೆಯ ಅಂಶ ಬಂತು. ಟಾಲಿವರ್ ಅವರ ಹೋರಾಟ ನೀರಿನದಾದ್ದರಿಂದ, ಸಮಾಜದ ಅಧ್ಯಕ್ಷರು ಕಚೇರಿಯ ಅಧಿಕೃತ ಲೋಟದಿಂದ ಸಾಂಕೇತಿಕವಾಗಿ ನೀರು ಕುಡಿಯತಕ್ಕದ್ದು ಎಂದು ಸುತ್ತೋಲೆಯಲ್ಲಿತ್ತು.

ಮಾಲತೇಶಪ್ಪನವರು ಲಗುಬಗೆಯಿಂದ ಕಿಟಕಿಯ ಕಡೆ ನಡೆದರು. ಕೊಟ್ರಪ್ಪನವರು ಅವರ ತೋಳು ಹಿಡಿದರು.

"ಅದು ರಿಜಿಸ್ಟರಿನಾಗ ಐತೇನು?"

ಇರಲಿಲ್ಲ. ಹದಿನಾಲ್ಕು ವರ್ಷ ಮೊಳೆಗೆ ತೂಗಿದ್ದರೂ ದಾಖಲೆಯ ಪ್ರಕಾರ ಅಂಥದೊಂದು ಲೋಟ ಲೋಕದಲ್ಲೇ ಇರಲಿಲ್ಲ. ಇದ್ದದ್ದು ಒಂದೇ, ಸ್ಟೀಲಿನದು. ಫೋಟೋದವನು ಬೇರೆ ಕಾಯುತ್ತಿದ್ದ. ಜುಬೇದಾ ಸ್ಟೀಲಿನ ಲೋಟ ತುಂಬಿ ತಂದುಕೊಟ್ಟಳು.

ಡಾಕಪ್ಪ ಕುಡಿದ. ಸಾಂಕೇತಿಕವಾಗಿ ಎಂದರೆ ಒಂದು ಗುಟುಕು ಎಂದು ಕೊಟ್ರಪ್ಪನವರು ಸನ್ನೆ ಮಾಡಿದರು. ಅವನು ಕಣ್ಣು ಮುಚ್ಚಿ ತಳದವರೆಗೂ ಕುಡಿದ. ಅದೇ ಹರವಿಯ ನೀರು, ಆದರೆ ಇಷ್ಟು ತಂಪಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಸೀನಿದರು, ಮತ್ತೆ ಚಪ್ಪಾಳೆ ತಟ್ಟಿದರು. ಮೊಳೆಯ ಮೇಲಿನ ಲೋಟವನ್ನು ಅವನು ಆ ಸಂಜೆ ಮನೆಗೆ ಒಯ್ದ. ಹೊಳಿಯವ್ವ ಅದರಲ್ಲಿ ಕೋಳಿಗೆ ನೀರಿಟ್ಟಳು.

ಮರುದಿನ ಕಚೇರಿಯಲ್ಲಿ ಒಂದು ಸೂಕ್ಷ್ಮ ಪರಿಸ್ಥಿತಿ ತಲೆದೋರಿತು. ಆ ಲೋಟದಲ್ಲಿ ಕುಡಿಯಲು ಮಾಲತೇಶಪ್ಪನವರಿಗೆ ಮನಸ್ಸಿಲ್ಲ. ಯಾಕೆ ಮನಸ್ಸಿಲ್ಲ ಎಂದು ಬರೆಯುವಂತೆಯೂ ಇಲ್ಲ, ಯಾಕೆಂದರೆ ಕಚೇರಿಯಲ್ಲಿ ಅಂಥದ್ದು ಇಲ್ಲ. ಇಪ್ಪತ್ತೆರಡು ವರ್ಷ ಸರ್ವಿಸಿನವರು ಅವರು. ಒಂದು ಟಿಪ್ಪಣಿ ಮಂಡಿಸಿದರು: "ಸದರಿ ಲೋಟವು ಐತಿಹಾಸಿಕ ಸಂದರ್ಭದಲ್ಲಿ ಬಳಕೆಯಾಗಿರುವ ಪ್ರಯುಕ್ತ ಅದನ್ನು ಸ್ಮರಣವಸ್ತುವೆಂದು ಘೋಷಿಸಿ ಗಾಜಿನ ಕಪಾಟಿನಲ್ಲಿ ಇರಿಸಬಹುದು." ಕೊಟ್ರಪ್ಪನವರು ಸಹಿ ಹಾಕಿದರು. ಸ್ಮರಣವಸ್ತುವನ್ನು ಸಮಾಜದವರ ಹೊರತು ಅನ್ಯರು ಮುಟ್ಟುವಂತಿಲ್ಲವಾದ್ದರಿಂದ ಲೋಟವನ್ನು ಕಪಾಟಿಗೆ ಏರಿಸಿದವನೂ, ಕಪಾಟಿನ ಕೀಲಿಕೈ ಇಟ್ಟುಕೊಂಡವನೂ ಡಾಕಪ್ಪನೇ. ಹೊಸ ಸ್ಟೀಲ್ ಲೋಟ ಬಂತು.

ಮಧ್ಯಾಹ್ನ ಡಾಕಪ್ಪ ಕಸಬರಿಗೆ ಗೋಡೆಗೆ ಒರಗಿಸಿ, ಹರವಿಯ ಹತ್ತಿರ ಹೋಗಿ, ಹೊಸ ಲೋಟದಲ್ಲಿ ನೀರು ಕುಡಿದ.

"ಏನ ಮಾಡಿದ್ಯೋ?" ಎಂದರು ಮಾಲತೇಶಪ್ಪನವರು.

"ನೀರಡಿಕಿ ಆಗಿತ್ರಿ."

ಮತ್ತೊಂದು ಟಿಪ್ಪಣಿ, ಮತ್ತೊಂದು ಸಹಿ. ಎರಡನೆಯ ಲೋಟವೂ ಕಪಾಟಿಗೇರಿತು. ಮೂರನೆಯದು ಬುಧವಾರ ಬಂತು, ಗುರುವಾರ ಸ್ಮರಣವಸ್ತುವಾಯಿತು. ಡಾಕಪ್ಪನನ್ನು ಕೆಲಸದಿಂದ ಬಿಡಿಸುವ ವಿಚಾರವೂ ನಡೆಯಿತು. ಆದರೆ ಮೇಲಿನ ಕಚೇರಿ ಅವನನ್ನು ಅಧ್ಯಕ್ಷನೆಂದು ಒಪ್ಪಿಕೊಂಡಿತ್ತು, ಸಮಾಜದ ಅಧ್ಯಕ್ಷನನ್ನು ಕೆಲಸ ಬಿಡಿಸಿದರೆ ಗಲಾಟೆ, ಅಧ್ಯಕ್ಷಗಿರಿಯಿಂದ ತೆಗೆಯಲು ಮೂರನೇ ಎರಡರಷ್ಟು ಸಹಿ ಬೇಕಿತ್ತು, ಇದ್ದೊಬ್ಬ ಸದಸ್ಯ ಸಹಿ ಹಾಕಲು ಒಪ್ಪಲಿಲ್ಲ. ಮಾಲತೇಶಪ್ಪನವರು ಮನೆಯಿಂದ ಹಿತ್ತಾಳೆಯ ತಂಬಿಗೆ ತಂದರು. ಅವರು ಸಹಿ ಮಾಡಿಸಲು ಒಳಕ್ಕೆ ಹೋಗಿ ಬರುವುದರೊಳಗೆ ಅದೂ ಇತಿಹಾಸ ಸೇರಿತು. ಇನ್ನು ಒಂದು ಪಾತ್ರೆ ಹೊಸ್ತಿಲು ದಾಟಿದರೆ ತಾನೇ ತವರಿಗೆ ಹೋಗುವೆನೆಂದು ಅವರ ಮನೆಯವರು ಹೇಳಿದರಂತೆ. ಏಪ್ರಿಲ್ ಮೊದಲ ವಾರಕ್ಕೆ ಕಪಾಟಿನಲ್ಲಿ ಎಂಟು ಲೋಟ, ಎರಡು ತಂಬಿಗೆ, ಕೊಟ್ರಪ್ಪನವರ ಥರ್ಮಾಸಿನ ಮುಚ್ಚಳ ಇದ್ದವು. ಇಷ್ಟು ಲೋಟ ಯಾಕೆ ಎಂದು ಹಾವೇರಿಯವರು ಖರೀದಿ ನಿಲ್ಲಿಸಿದರು. ಪದೇ ಪದೇ ಸ್ಮರಣವಸ್ತುಗಳ ಸಂಪರ್ಕಕ್ಕೆ ಬಂದ ಕಾರಣ ಹರವಿಯನ್ನೂ ಸ್ಮರಣವಸ್ತುವೆಂದು ಘೋಷಿಸಬೇಕಾಯಿತು; ಅಲ್ಲಿಗೆ ಡಾಕಪ್ಪನ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಜುಬೇದಾ ಅಂದೇ ಒಂದು ಅರ್ಜಿ ಬರೆದು ಡಾಕಪ್ಪನ ಕೈಗೆ ಕೊಟ್ಟಳು.

"ಅಧ್ಯಕ್ಷರ, ನಿಮ್ಮ ಸಮಾಜದಾಗ ನನಗೊಂದು ಜಾಗಾ ಐತೇನ್ರಿ? ಬಾಟ್ಲಿ ಹೊತ್ತ ಹೊತ್ತ ಕೈ ಸೋತಾವ."

"ಬರ್ರಿ ಅಕ್ಕಾರ, ಜಾಗಾ ಭಾಳ ಐತಿ," ಎಂದ ಡಾಕಪ್ಪ. ಕಪಾಟು ತೆರೆದು ಅವಳಿಗೊಂದು ಲೋಟ, ತನಗೊಂದು ಲೋಟ ತೆಗೆದ. ಇಬ್ಬರೂ ಕುರ್ಚಿಯಲ್ಲಿ ಕೂತು ಕುಡಿದರು. ನಿಯಮ ಹನ್ನೆರಡರಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ.

ಲೋಟದಲ್ಲಿ ಕುಡಿಯಬೇಕಾದರೆ ಉಳಿದಿಬ್ಬರಿಗೂ ಅದೇ ದಾರಿ ತೆರೆದಿತ್ತು. ಆದರೆ ಅಧಿಕಾರಿಯೂ ಹೆಡ್ ಕ್ಲಾರ್ಕೂ ಟಾಲಿವರ್ ಸಮಾಜ ಸೇರುವುದೆಂದರೇನು! ಒಂದು ದಿನ ತಡೆದರು, ಎರಡು ದಿನ ತಡೆದರು. ಮೂರನೆಯ ದಿನ ಪೇಟೆಗೆ ಲಕ್ಷ ಚೀಲ ಮೆಣಸಿನಕಾಯಿ ಬಂದು ಘಾಟು ಕಚೇರಿಯೊಳಗೇ ಕೂತುಬಿಟ್ಟಿತು. ಮಾಲತೇಶಪ್ಪನವರು ಕೆಮ್ಮುತ್ತಲೇ ತಮ್ಮ ಜೀವಮಾನದ ಅತ್ಯುತ್ತಮ ಟಿಪ್ಪಣಿ ಬರೆದರು: "ಮೇಲಿನಿಂದ ಬೀಳುವ ನೀರಿಗೆ ಮಳೆಯ ನೀರಿನ ದರ್ಜೆ ನೀಡಬಹುದು. ಮಳೆಯನ್ನು ಸುರಿಸುವವರು ಯಾರೆಂದು ವಿಚಾರಿಸುವ ಪದ್ಧತಿ ಇರುವುದಿಲ್ಲ." ಕೊಟ್ರಪ್ಪನವರು ಓದದೆಯೇ ಸಹಿ ಹಾಕಿದರು.

ಮೇ ತಿಂಗಳಲ್ಲಿ ಹಾವೇರಿಯಿಂದ ಸಾಹೇಬರು ತಪಾಸಣೆಗೆ ಬಂದಾಗ ವ್ಯವಸ್ಥೆ ಸುಸೂತ್ರವಾಗಿ ನಡೆದಿತ್ತು. ಅವರು ಬಸ್ಸಿಳಿದು ಬಾಯಾರಿ ಬಂದು ನೀರು ಕೇಳಿದರು. ಸಾಲು ಇದೆ, ನಿಲ್ಲಬೇಕು ಎಂದರು ಕೊಟ್ರಪ್ಪನವರು. ಸಾಹೇಬರು ಯಾವುದೇ ಕಚೇರಿಯ ಪದ್ಧತಿಯನ್ನು ಗೌರವಿಸುವವರು, ನಿಂತರು. ಸಾಲಿನ ಮೊದಲಿಗೆ ಮಾಲತೇಶಪ್ಪನವರು ನಡು ಬಗ್ಗಿಸಿ, ಬೊಗಸೆ ಒಡ್ಡಿ ನಿಂತಿದ್ದರು. ಡಾಕಪ್ಪ ಕುಡಿಯುತ್ತಿದ್ದ ಲೋಟವನ್ನು ಮೇಜಿನ ಮೇಲಿಟ್ಟು ಕೂಡಲೇ ಎದ್ದ. ಕಾಯಿಸಬಹುದಿತ್ತು. ಅರ್ಧ ತಾಸು ಎಷ್ಟು ಉದ್ದವಿರುತ್ತದೆಂದು ಆ ಕಚೇರಿಯಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು, ಅದಕ್ಕೇ ಕಾಯಿಸಲಿಲ್ಲ. ತಂಬಿಗೆ ಎತ್ತಿ ಸಣ್ಣಗೆ ಸುರಿದ.

ಮಾಲತೇಶಪ್ಪನವರು ಕುಡಿದರು, ಉಸಿರು ಬಿಟ್ಟರು, ಮುಖ ಎತ್ತಿದರು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇನ್ನಷ್ಟ ಹಾಕ್ರಿ, ಡಾಕಪ್ಪನವರ," ಎಂದರು.