ಇಸ್ಕೂಲ್ ಎನ್ನುವ ನನ್ನ ನಾಲಿಗೆಗೆ

ಮಸ್ಕಿ, 1955

ಮೂವತ್ತೆರಡು ಹಲ್ಲುಗಳ ಕಾವಲಿನಲ್ಲಿ ಮೆರೆಯುತ್ತಿರುವ ಮಾನ್ಯ ನಾಲಿಗೆಯವರೇ, ತಮ್ಮನ್ನು ಹೊತ್ತು ತಿರುಗುವ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು.

ಸಿಂಧನೂರಿನ ಸಂತೆಯಲ್ಲಿ ಕಟ್ಟೆ ಹತ್ತಿ, "ಇಂಗ್ಲಿಷಿನ ಗುಲಾಮಗಿರಿಗೆ ಧಿಕ್ಕಾರ, ಕನ್ನಡಿಗರೆಲ್ಲ ಒಂದಾಗಲಿ" ಎಂದು ತಾವು ಗುಡುಗಿದಾಗ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಮರುವಾರವೇ ಲಿಂಗಸುಗೂರಿನಲ್ಲಿ ಇಂಗ್ಲಿಷ್ ಮಾಸ್ತರಿಕೆಯ ಅರ್ಜಿ ಹಿಡಿಸಿ ನನ್ನನ್ನು ಶಾಲಾ ಇಲಾಖೆಯ ಸಾಹೇಬರ ಮುಂದೆ ನಿಲ್ಲಿಸಿದ್ದನ್ನು ಮಾತ್ರ ಯಾವ ಸಭೆಯಲ್ಲೂ ಹೇಳಲಿಲ್ಲ. ಆ ವಿನಯಕ್ಕೆ ವಂದನೆ. ಸಾಹೇಬರು ಪಾಠ ಓದಿಸಿದರೆ ತಾವು ಇಸ್ಕೂಲ್, ಇಸ್ಟೂಡೆಂಟ್, ಇಸ್ಟೇಶನ್ ಎಂದು ಪ್ರತಿ ಮಾತಿನ ಮುಂದೆಯೂ ಒಂದು 'ಇ'ಯನ್ನು ಚಪರಾಸಿಯಂತೆ ಓಡಿಸಿದಿರಿ. ಅವರು ನಕ್ಕು ಅರ್ಜಿ ಮಡಿಸಿದರು.

ಇದು ಖಾನ್ದಾನಿನ ಬಳುವಳಿ, ಒಪ್ಪುತ್ತೇನೆ. ನಿಜಾಮರ ಕಾಲದಲ್ಲಿ ಉರ್ದು ಕಲಿತು, ಉರ್ದುವಿನವರಂತೆ ಇಸ್ಕೂಲ್ ಎನ್ನತೊಡಗಿದ ಅಪ್ಪ ಸೂಗಪ್ಪನವರಿಂದ ಅವ್ವ ಗುರುಲಿಂಗಮ್ಮನಿಗೆ, ಅವ್ವನಿಂದ ನನಗೆ ಬಂದದ್ದು. ಹೊಲ ಹಂಚುವಾಗ ಬಡಿದಾಡಿದ ಮನೆತನ ಈ 'ಇ'ಯನ್ನು ಮಾತ್ರ ಯಾರಿಗೂ ಕಡಿಮೆಯಾಗದಂತೆ ಹಂಚಿದೆ.

ಆದರೆ ಮಾನ್ಯರೇ, ಸಾಹೇಬರ ಮುಂದೆ ಇಲಿಯಾದ ತಾವು ಮನೆಗೆ ಬಂದು ಹುಲಿಯಾದಿರಿ. "ನನ್ನ ಮಗ ಇಸ್ಕೂಲ್ ಮಾಸ್ತರ ಆಗ್ತಾನ ನೋಡ" ಎಂದು ಅವ್ವ ನೆರೆಮನೆಯ ಹಾಜಿರಾಬೀಯವರ ಮುಂದೆ ಹಿಗ್ಗುತ್ತಿದ್ದಾಗ, "ಇಸ್ಕೂಲ್ ಅಲ್ಲಬೇ, ಇಸ್ಕೂಲ್!" ಎಂದು ತಿದ್ದಿದಿರಿ.

"ನಾನೂ ಅದನ್ನ ಅನ್ನಾಕತ್ತೀನಲ್ಲೋ" ಅಂದಳು ಅವ್ವ. ಹಾಜಿರಾಬೀ ಸೆರಗು ಬಾಯಿಗಿಟ್ಟು ನಕ್ಕರು. ಆ ನಗೆಗೆ ಉರಿದುಬಿದ್ದ ತಾವು, "ನಿನ್ನಿಂದನ ನನ್ನ ನೌಕರಿ ಹೋತು, ಇನ್ನ ನನ್ನ ಮುಂದ ಬಾಯಿ ತೆಗೀಬ್ಯಾಡ" ಎಂದುಬಿಟ್ಟಿರಿ. ಎಂಟು ದಿನವಾಯಿತು, ಅವ್ವ ತಮ್ಮ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾಳೆ. ತಾಟಿಗೆ ರೊಟ್ಟಿ ಇಟ್ಟು ಒಳಗೆ ಹೋಗುತ್ತಾಳೆ.

ಆದ್ದರಿಂದ ತಾವು ವಿಲಾಯತಿಗೆ ಹೋಗಿ ಯಾವುದಾದರೂ ದೊರೆಸಾನಿಯ ನಾಲಿಗೆಯೊಡನೆ ಬದಲಿಯಾಗಬೇಕೆಂದು, ಅದಾಗದಿದ್ದರೆ ಆ 'ಇ'ಯನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಡಬೇಕೆಂದು, ಅದೂ ಆಗದಿದ್ದರೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಂದೇ ಒಂದು ಸಲ "ತಪ್ಪಾತವ್ವ" ಅನ್ನಬೇಕೆಂದು ಪ್ರಾರ್ಥನೆ. ಮೂರರಲ್ಲಿ ವಿಲಾಯತಿಯೇ ಹತ್ತಿರವೆಂದು ತಮಗೆ ಕಾಣುತ್ತಿರುವುದು ನನಗೆ ಗೊತ್ತು.

ಬೇರೆ ನಾಲಿಗೆ ಸಿಗುವವರೆಗೆ,
ತಮ್ಮ ವಿಶ್ವಾಸಿ,
ಬಸವಂತರಾಯ

ತಾ.ಕ.: ಇಂದು ಬೆಳಿಗ್ಗೆ ಅವ್ವ ಮಾತಾಡಿದಳು, ಎಮ್ಮೆಯೊಡನೆ. "ನೀ ಚಲೋ ಅದಿ ನೋಡ, ನಾ ಏನಂದ್ರೂ ತಿದ್ದಂಗಿಲ್ಲ" ಅಂದಳು. ತಮಗಿಂತ ನಾಲ್ಕು ಪಟ್ಟು ದೊಡ್ಡ ನಾಲಿಗೆಯಿರುವ ಆ ಪ್ರಾಣಿ ಸುಮ್ಮನೆ ಅವಳ ಕೈ ನೆಕ್ಕುತ್ತಿತ್ತು.